ತ್ರೀಡಿ ಮನೆಗಳೆಲ್ಲ ಯಾಕೆ ಪ್ಲಾಸ್ಟಿಕ್ ಥರ ಕಾಣುತ್ತವೆ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಶಿಕ್ಷಣ ಪುರವಣಿಯಲ್ಲಿ ಈಚೆಗೆ ತ್ರೀಡಿ ಮತ್ತು ಅನಿಮೇಷನ್ ಕೋರ್ಸ್‌ಗಳ ಬಗ್ಗೆ ಬಂದ ಬರಹ ಓದಿದೆ. ಯಾವ ಸಾಫ್ಟ್‌ವೇರ್ ಕಲಿಯಬೇಕು, ಎಷ್ಟು ಜಿಬಿಯ ಗ್ರಾಫಿಕ್ಸ್ ಕಾರ್ಡ್ ಬೇಕು, ಫೀಸು ಎಷ್ಟಾಗಬಹುದು, ಕೆಲಸ ಎಲ್ಲಿ ಸಿಗುತ್ತದೆ, ಎಲ್ಲ ಇತ್ತು. ಅದನ್ನು ಓದಿದ ಅಪ್ಪ ಅಮ್ಮ ಮೊದಲು ಮಾಡುವ ಕೆಲಸ ಅಂದರೆ ಸಾಲವೋ ಸೋಲವೋ ಮಾಡಿ ಮಕ್ಕಳಿಗೆ ಒಂದು ದೊಡ್ಡ ಕಂಪ್ಯೂಟರ್ ತೆಗೆದುಕೊಡುವುದು. ಅದಕ್ಕೇ ಈ ಪತ್ರ. ನಾನು ಉಡುಪಿ ಕಡೆ ಮನೆಗಳ ತ್ರೀಡಿ ಎಲಿವೇಷನ್ (ಕಟ್ಟುವ ಮೊದಲೇ ಮನೆ ಹೊರಗಿನಿಂದ ಹೇಗೆ ಕಾಣುತ್ತದೆ ಅಂತ ತೋರಿಸುವ ಕಂಪ್ಯೂಟರ್ ಚಿತ್ರ), ಒಳಾಂಗಣದ ಚಿತ್ರ ಮಾಡಿಕೊಡುವವನು. ಈ ಕೆಲಸದಲ್ಲಿ ಚಿತ್ರ ನಿಜ ಅನ್ನಿಸುವುದೂ ಸುಳ್ಳು ಅನ್ನಿಸುವುದೂ ಕಾರ್ಡಿನ ಮೇಲೆ ನಿಂತಿಲ್ಲ, ಮೆಟೀರಿಯಲ್ ಮೇಲೆ ನಿಂತಿದೆ. ಗೋಡೆಯ ಮೈ, ನೆಲದ ಮೈ, ಬಾಗಿಲಿನ ಮೈ ಬೆಳಕಿಗೆ ಹೇಗೆ ಕಾಣುತ್ತದೆ ಅನ್ನುವುದರ ಮೇಲೆ. ಆ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ.

ಬೇಕಿದ್ದರೆ ನಿಮ್ಮದೇ ಪತ್ರಿಕೆಯಲ್ಲಿ ಬರುವ ಅಪಾರ್ಟ್‌ಮೆಂಟ್ ಜಾಹೀರಾತುಗಳನ್ನು ಒಮ್ಮೆ ನಿಧಾನಕ್ಕೆ ನೋಡಿ. ಕಟ್ಟಡದ ಆಕಾರದಲ್ಲಿ ತಪ್ಪಿಲ್ಲ. ಕಿಟಕಿ ಕಿಟಕಿಯ ಜಾಗದಲ್ಲೇ ಇದೆ. ಆದರೂ ಇದು ಕಂಪ್ಯೂಟರ್ ಚಿತ್ರ ಅಂತ ಸಣ್ಣ ಮಕ್ಕಳಿಗೂ ಗೊತ್ತಾಗಿಬಿಡುತ್ತದೆ. ಯಾಕೆ ಅಂದರೆ ಗೋಡೆ, ತೇಗದ ಬಾಗಿಲು, ಅಂಗಳದ ಇಂಟರ್‌ಲಾಕ್, ನಿಂತ ಕಾರು, ಕೊನೆಗೆ ಹುಲ್ಲು ಸಹ, ಎಲ್ಲದಕ್ಕೂ ಒಂದೇ ಥರದ ಹೊಳಪು. ನಮ್ಮ ಕೆಲಸದವರು ಇದನ್ನು ‘ಪ್ಲಾಸ್ಟಿಕ್ ಆಗಿದೆ’ ಅನ್ನುತ್ತೇವೆ.

ಕೋರ್ಸ್ ಮುಗಿಸಿ ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳುವುದು ರಫ್‌ನೆಸ್ ಅಂದರೆ ಏನು ಅಂತ. ಈಚೆಗೆ ಬಂದ ಒಬ್ಬ, ‘ಅದು 0.5 ಇಡಬೇಕು ಸರ್’ ಅಂದ. ಯಾಕಪ್ಪಾ ಅಂದೆ. ‘ಕ್ಲಾಸಲ್ಲಿ ಹಾಗೇ ಹೇಳಿಕೊಟ್ಟಿದ್ದು.’ ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಹೊಸ ಮೆಟೀರಿಯಲ್ ತೆರೆದರೆ ಆ ಸಂಖ್ಯೆ ತಾನಾಗಿಯೇ 0.5 ಇರುತ್ತದೆ. ಅಂದರೆ ಅಷ್ಟೊಂದು ಫೀಸು ತೆಗೆದುಕೊಂಡು ಹುಡುಗನಿಗೆ ಹೇಳಿಕೊಟ್ಟದ್ದು ಏನೂ ಮುಟ್ಟಬೇಡ ಅಂತ ಅಷ್ಟೇ. ಹುಡುಗ ಜಾಣ, ಕೈ ಚುರುಕಿದೆ, ಯಾವ ಬಟನ್ ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಯಾಕೆ ಒತ್ತಬೇಕು ಅಂತ ಯಾರೂ ಹೇಳಿಲ್ಲ. ಆ ಸಂಸ್ಥೆಯ ಹೆಸರು ಬೇಡ, ಇಂಥವು ಊರಿಗೆ ನಾಲ್ಕಿವೆ.

ವಿಷಯ ಅಂಥ ಕಷ್ಟದ್ದೇನೂ ಅಲ್ಲ. ಯಾವುದೇ ವಸ್ತುವಿನ ಮೇಲೆ ಬೆಳಕು ಬಿದ್ದಾಗ ಸ್ವಲ್ಪ ಒಳಗೆ ಹೋಗಿ ಬಣ್ಣ ಹಚ್ಚಿಕೊಂಡು ಹೊರಗೆ ಬರುತ್ತದೆ, ಸ್ವಲ್ಪ ಮೇಲಿನಿಂದಲೇ ಪುಟಿದು ಹೋಗುತ್ತದೆ. ಮೇಲ್ಮೈ ನುಣುಪಾಗಿದ್ದರೆ ಪುಟಿದ ಬೆಳಕು ಒಂದೇ ದಿಕ್ಕಿಗೆ ಹೋಗುತ್ತದೆ, ಕನ್ನಡಿಯ ಹಾಗೆ ಪ್ರತಿಬಿಂಬ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು ಇದ್ದರೆ ಬೆಳಕು ಚದುರುತ್ತದೆ, ಪ್ರತಿಬಿಂಬ ಮಸುಕಾಗುತ್ತದೆ. ರಫ್‌ನೆಸ್ ಅಂದರೆ ಅದೇ, 0 ಇಟ್ಟರೆ ಕನ್ನಡಿ, 1 ಇಟ್ಟರೆ ಸೀಮೆಸುಣ್ಣ. ಡಿಸ್ನಿ ಸ್ಟುಡಿಯೋದ ಬ್ರೆಂಟ್ ಬರ್ಲಿ 2012ರಲ್ಲಿ ಇದನ್ನೆಲ್ಲ ತಮ್ಮ ಕಲಾವಿದರಿಗೆ ಸುಲಭ ಆಗಲಿ ಅಂತ ಒಂದು ಬಣ್ಣ ಮತ್ತು ಹತ್ತು ಸ್ಲೈಡರ್‌ಗಳಿಗೆ (ಸರಿಸಿ ಹೆಚ್ಚುಕಡಿಮೆ ಮಾಡುವ ಪಟ್ಟಿಗಳಿಗೆ) ಇಳಿಸಿದರು. ಅದಕ್ಕೂ ಮುಂಚೆ ಒಂದೊಂದು ವಸ್ತುವಿಗೆ ಒಂದೊಂದು ಥರದ ಲೆಕ್ಕ, ಒಂದು ಬೆಳಕಿನಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಕೆಟ್ಟುಹೋಗುತ್ತಿತ್ತು. ಬ್ಲೆಂಡರ್‌ಗೆ ಅದೇ ಮಾದರಿ 2017ರಲ್ಲಿ ಬಂತು. ಈಗ ಗೇಮ್ ಮಾಡುವವರೂ ಸಿನಿಮಾದವರೂ ನಮ್ಮಂಥ ಎಲಿವೇಷನ್‌ನವರೂ ಹೆಚ್ಚುಕಡಿಮೆ ಅವೇ ಸ್ಲೈಡರ್‌ಗಳನ್ನು ಹಿಡಿದು ಕೂತಿದ್ದೇವೆ. ಹೀಗಾಗಿ ಯಾವ ಸಾಫ್ಟ್‌ವೇರ್ ಅನ್ನುವ ಚರ್ಚೆ ಅಷ್ಟು ಮುಖ್ಯ ಅಲ್ಲ. ಒಂದರಲ್ಲಿ ಅರ್ಥ ಆದರೆ ಎಲ್ಲದರಲ್ಲೂ ಅರ್ಥ ಆದ ಹಾಗೆ.

ಇನ್ನೊಂದು ಸಂಗತಿ ಇದೆ, ಇದನ್ನು ಹೇಳಿದಾಗ ಹೊಸಬರು ನಂಬುವುದಿಲ್ಲ. ಲೋಹ ಬಿಟ್ಟು ಉಳಿದ ಬಹುತೇಕ ಎಲ್ಲ ವಸ್ತುಗಳೂ, ಸಿಮೆಂಟು, ಮರ, ಕಲ್ಲು, ಪೇಂಟು, ನೇರ ಎದುರಿನಿಂದ ನೋಡಿದರೆ ಹತ್ತಿರ ಹತ್ತಿರ 4% ಬೆಳಕನ್ನಷ್ಟೇ ಮೇಲಿನಿಂದ ಪುಟಿಸುತ್ತವೆ. ಅದೇ ನುಣುಪಾದ ವಸ್ತುವನ್ನು 80 ಡಿಗ್ರಿ ಓರೆಯಿಂದ ನೋಡಿ, ಸುಮಾರು 39% ಆಗುತ್ತದೆ. ಇನ್ನೂ ಓರೆಯಾದರೆ ಪೂರ್ತಿ ಕನ್ನಡಿಯೇ. ಸಂಜೆ ಹೊತ್ತಿನಲ್ಲಿ ಸೂರ್ಯನ ಕಡೆಗೆ ಗಾಡಿ ಓಡಿಸಿದವರಿಗೆಲ್ಲ ಇದು ಗೊತ್ತು. ಕಪ್ಪು ಡಾಂಬರು ರಸ್ತೆ ಕಣ್ಣು ಬಿಡಲಾಗದಷ್ಟು ಹೊಳೆಯುತ್ತದೆ, ಹಿಂದಕ್ಕೆ ತಿರುಗಿ ನೋಡಿದರೆ ಅದೇ ರಸ್ತೆ ಕಪ್ಪಗೆ ಸುಮ್ಮನಿರುತ್ತದೆ. ಸಾಫ್ಟ್‌ವೇರ್ ಈ ಲೆಕ್ಕವನ್ನು ತಾನೇ ಹಾಕಿಕೊಳ್ಳುತ್ತದೆ. ನಮ್ಮ ಕೆಲಸ ರಫ್‌ನೆಸ್ ಎಲ್ಲಿ ಎಷ್ಟು ಅಂತ ಹೇಳುವುದು. ಮೈತುಂಬ ಒಂದೇ ಸಂಖ್ಯೆ ಕೊಟ್ಟರೆ ಮುಗಿಯಿತು, ಪ್ಲಾಸ್ಟಿಕ್.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ನಮ್ಮ ಹಳೇ ಮನೆಗಳ ಕಾವಿ ನೆಲ, ಅದೇ ರೆಡ್ ಆಕ್ಸೈಡ್ ನೆಲ. ಈಗ ಹೊಸ ಮನೆಗಳಿಗೂ ಜನ ಅದನ್ನೇ ಕೇಳುತ್ತಿದ್ದಾರೆ. ಸಾಮಾನ್ಯವಾಗಿ ಮಾಡುವುದು ಏನು? ಒಂದು ಕೆಂಪು ಬಣ್ಣ ಆರಿಸುವುದು, ಹೊಳಪು ಜಾಸ್ತಿ ಮಾಡುವುದು, ರೆಂಡರ್ ಕೊಡುವುದು, ಅಂದರೆ ಕೊನೆಯ ಚಿತ್ರ ತಯಾರಿಸಲು ಕಂಪ್ಯೂಟರಿಗೆ ಹೇಳುವುದು. ಬರುವುದು ಕೆಂಪು ವಿಟ್ರಿಫೈಡ್ ಟೈಲ್ಸ್.

ನಿಜವಾದ ಕಾವಿ ನೆಲದ ಮೇಲೆ ಕೂತು, ಕಿಟಕಿಯ ಕಡೆಗೆ ಮುಖ ಮಾಡಿ, ತಲೆ ಸ್ವಲ್ಪ ಕೆಳಗಿಳಿಸಿ ನೋಡಿ. ಮೊದಲು ಕಾಣುವುದು ಕಿಟಕಿ ಸರಳುಗಳ ಪ್ರತಿಬಿಂಬ. ಸರಳು ನೆಟ್ಟಗಿದ್ದರೂ ನೆಲದಲ್ಲಿ ಅದು ಒಂಚೂರು ಓಲಾಡಿಕೊಂಡು ಬಂದಿರುತ್ತದೆ. ಯಾಕಂದರೆ ಆ ನೆಲವನ್ನು ಯಾರೋ ಮೇಸ್ತ್ರಿ ಮಂಡಿಯೂರಿ ಕರಣೆಯಲ್ಲಿ ಉಜ್ಜಿ ಉಜ್ಜಿ ಮಾಡಿದ್ದು, ಮಿಷನ್ ಅಲ್ಲ. ಈ ಓಲಾಟ ಬರಬೇಕಾದರೆ ಬಂಪ್‌ನಲ್ಲಿ (ಉಬ್ಬುತಗ್ಗು ಇದೆ ಅನ್ನಿಸುವ ಹಾಗೆ ಮಾಡುವ ಉಪಾಯ) ದೊಡ್ಡ ಅಳತೆಯ, ತೀರಾ ಕಡಿಮೆ ಎತ್ತರದ ಒಂದು ನಾಯ್ಸ್, ಅಂದರೆ ಅಡ್ಡಾದಿಡ್ಡಿ ಏರಿಳಿತ, ಹಾಕಬೇಕು. ಎಷ್ಟು ಕಡಿಮೆ ಅಂದರೆ ನೇರ ನೋಡಿದರೆ ಇದೆ ಅಂತಲೇ ಗೊತ್ತಾಗಬಾರದು. ಆಮೇಲೆ ಓಡಾಡುವ ದಾರಿ. ಬಾಗಿಲಿನಿಂದ ಅಡುಗೆಮನೆಗೆ ಹೋಗುವ ಜಾಗದಲ್ಲಿ ವರ್ಷಗಟ್ಟಲೆ ಕಾಲು ಸವೆದು ನೆಲ ಇನ್ನಷ್ಟು ನುಣುಪಾಗಿರುತ್ತದೆ, ಮೂಲೆಗಳಲ್ಲಿ ಮಂಕು. ನಾನು ದಾರಿಗೆ 0.2ರ ಆಸುಪಾಸು ಕೊಡುತ್ತೇನೆ, ಮೂಲೆಗೆ 0.5ರ ತನಕ ಬಿಡುತ್ತೇನೆ, ನಡುವೆ ಗೆರೆ ಕಾಣದ ಹಾಗೆ ಬೆರೆಸುತ್ತೇನೆ. ನಂತರ ಒರೆಸಿದ ಗುರುತು. ಬಟ್ಟೆ ಹಿಡಿದು ನೆಲ ಒರೆಸುವವರ ಕೈ ಅರ್ಧ ಸುತ್ತು ಸುತ್ತುತ್ತದೆ ಅಲ್ವಾ, ಆ ಕಮಾನುಗಳು ನೆಲದ ಬಣ್ಣದಲ್ಲಿ ಇರುವುದೇ ಇಲ್ಲ, ಬೆಳಕಿಗೆ ಎದುರಾಗಿ ನೋಡಿದಾಗ ಪ್ರತಿಬಿಂಬದಲ್ಲಿ ಮಾತ್ರ ಕಾಣುತ್ತವೆ. ಹೊಸಬರು ಅದನ್ನು ಬಣ್ಣದ ಮ್ಯಾಪ್‌ನಲ್ಲಿ (ಮೇಲ್ಮೈಯ ಯಾವ ಜಾಗಕ್ಕೆ ಯಾವ ಬಣ್ಣ ಅಂತ ಹೇಳುವ ಚಿತ್ರ) ಬೆಳ್ಳಗೆ ಬಳಿದುಬಿಡುತ್ತಾರೆ, ಆಗ ಸುಣ್ಣ ಚೆಲ್ಲಿದ ಹಾಗಾಗುತ್ತದೆ. ಅದು ಹೋಗಬೇಕಾದ ಜಾಗ ರಫ್‌ನೆಸ್ ಮ್ಯಾಪ್. ಕೂದಲೆಳೆಯಂಥ ಬಿರುಕುಗಳೂ ಒಂದೆರಡು ಬೇಕು, ಹೊಸಿಲ ಹತ್ತಿರ, ಕಂಬದ ಬುಡದಲ್ಲಿ. ನೆಲದ ತುಂಬ ಬೇಡ, ಹಾಗೆ ಮಾಡಿದರೆ ಭೂಕಂಪ ಆದ ಮನೆ ಆಗುತ್ತದೆ.

ಇಷ್ಟಕ್ಕೆ ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರ್ ಮತ್ತು ನೋಡಲಿಕ್ಕೆ ಒಂದು ಕಾವಿ ನೆಲ.

ಇನ್ನು ಬಣ್ಣದ ವಿಷಯ. ಬೆಳ್ಳಗಿನ ಗೋಡೆ ಅಂದ ತಕ್ಷಣ ಬಿಳಿ ಬಣ್ಣದ ಸಂಖ್ಯೆ 255ಕ್ಕೆ ಏರಿಸಿ ಕೂರುತ್ತಾರೆ. ಲೋಕದಲ್ಲಿ ಅಷ್ಟು ಬಿಳಿ ಯಾವುದೂ ಇಲ್ಲ. ಒಳ್ಳೆಯ ಬಿಳಿ ಪೇಂಟು ಅಂದರೆ ಬಿದ್ದ ಬೆಳಕಿನ ಸುಮಾರು 80% ವಾಪಸು ಕೊಡುತ್ತದೆ. ಇದ್ದಿಲು ಕೂಡ ಪೂರ್ತಿ ಕಪ್ಪಲ್ಲ, ಒಂದು 4% ಕೊಡುತ್ತದೆ. ಇದೇನು ಕೂದಲು ಸೀಳುವ ಮಾತು ಅನ್ನಿಸಬಹುದು. ಕೋಣೆಯೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಹೋಗುತ್ತದೆ. 80% ಗೋಡೆಯಾದರೆ ಐದು ಸಲ ಪುಟಿದ ಮೇಲೆ ಮೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ. 95% ಇಟ್ಟರೆ ಮುಕ್ಕಾಲು ಪಾಲು ಹಾಗೇ ಉಳಿಯುತ್ತದೆ. ಆಗ ಮೂಲೆಯಲ್ಲಿ ನೆರಳೇ ಇರುವುದಿಲ್ಲ, ಮಂಚದ ಕೆಳಗೂ ಟ್ಯೂಬ್‌ಲೈಟ್ ಹಾಕಿದ ಹಾಗೆ. ಚಿತ್ರ ಪೇಲವ ಆಯಿತು ಅಂತ ಆಮೇಲೆ ಫೋಟೊಶಾಪ್‌ನಲ್ಲಿ ಕಾಂಟ್ರಾಸ್ಟ್ ಏರಿಸುತ್ತಾರೆ, ಮರದ ಬಾಗಿಲು ಕಪ್ಪಾಗುತ್ತದೆ, ಅದನ್ನು ಸರಿಮಾಡಲು ಇನ್ನೊಂದು ಲೈಟು. ಒಂದು ಸಂಖ್ಯೆ ಸರಿ ಇಟ್ಟಿದ್ದರೆ ಈ ರಗಳೆ ಯಾವುದೂ ಇರಲಿಲ್ಲ.

ಲೋಹದಲ್ಲೂ ಹೀಗೇ. ಮೆಟಾಲಿಕ್ ಸ್ಲೈಡರ್ 0 ಇರಬೇಕು ಇಲ್ಲವೇ 1 ಇರಬೇಕು. ಅರ್ಧ ಲೋಹ ಅನ್ನುವ ವಸ್ತು ಮನೆಯಲ್ಲಿ ಇಲ್ಲ. ಹಿತ್ತಾಳೆ ದೀಪ ಹಳೆಯದು ಅನ್ನಿಸಬೇಕು ಅಂತ 0.5 ಇಟ್ಟರೆ ಅದು ಚಿನ್ನದ ಬಣ್ಣ ಬಳಿದ ರಬ್ಬರ್ ಆಗುತ್ತದೆ. ಹುಣಸೆಹುಳಿ ಹಾಕಿ ತಿಕ್ಕಿದ ದೀಪ ನೋಡಿದ್ದೀರಲ್ಲ, ಉಬ್ಬಿದ ಕಡೆಯೆಲ್ಲ ಫಳಫಳ, ಸಂದಿಗಳಲ್ಲಿ ಎಣ್ಣೆ ಮಸಿ ಹಾಗೇ ಕೂತಿರುತ್ತದೆ. ಮಸಿ ಲೋಹ ಅಲ್ಲ. ಹಿತ್ತಾಳೆ ಇರುವಲ್ಲಿ 1, ಮಸಿ ಇರುವಲ್ಲಿ 0, ಯಾವುದು ಎಲ್ಲಿ ಅಂತ ಹೇಳಲು ಒಂದು ಕಪ್ಪು ಬಿಳುಪು ಮಾಸ್ಕ್. ಉಬ್ಬು ಎಲ್ಲಿ, ಸಂದಿ ಎಲ್ಲಿ ಅಂತ ಸಾಫ್ಟ್‌ವೇರೇ ಲೆಕ್ಕ ಹಾಕಿ ಕೊಡುತ್ತದೆ. ಎಲ್ಲಿ ತಿಕ್ಕಿದರು, ಎಲ್ಲಿ ಕೈ ಹೋಗಲಿಲ್ಲ ಅಂತ ಮಾತ್ರ ನಾವು ಯೋಚಿಸಬೇಕು.

ಕಾವಿ ನೆಲಕ್ಕಿಂತ ಕಷ್ಟದ್ದು ನಮ್ಮ ಮುರಕಲ್ಲಿನ ಗೋಡೆ, ಕೆಂಪು ಕಲ್ಲು. ಅದರ ಮೈತುಂಬ ತೂತು. ತೂತೊಳಗೆ ತೂತು. ಕೆಲವದರೊಳಗೆ ಹಳದಿ ಮಣ್ಣು, ಕೆಲವು ಖಾಲಿ. ಫೋಟೊ ತೆಗೆದು ಗೋಡೆಗೆ ಅಂಟಿಸಿದರೆ ಅದು ಮುರಕಲ್ಲಿನ ಚಿತ್ರ ಇರುವ ವಾಲ್‌ಪೇಪರ್ ಆಗುತ್ತದೆ ಅಷ್ಟೇ. ಬಂಪ್ ಹಾಕಿದರೆ ಸ್ವಲ್ಪ ವಾಸಿ. ಈ ಬಂಪ್ ಅನ್ನುವುದು 1978ರಲ್ಲಿ ಜಿಮ್ ಬ್ಲಿನ್ ತೋರಿಸಿಕೊಟ್ಟ ಉಪಾಯ. ಮೇಲ್ಮೈಯನ್ನು ಅಲುಗಾಡಿಸದೇ ಬೆಳಕಿಗೆ ಮಾತ್ರ ಇಲ್ಲಿ ತಗ್ಗಿದೆ, ಇಲ್ಲಿ ಉಬ್ಬಿದೆ ಅಂತ ಸುಳ್ಳು ಹೇಳುವುದು. ದೂರಕ್ಕೆ ಈ ಸುಳ್ಳು ನಡೆಯುತ್ತದೆ. ಗೋಡೆಯ ಅಂಚಿಗೆ ಬಂದಾಗ ಬಣ್ಣ ಬಯಲು, ಯಾಕಂದರೆ ಅಂಚು ಬ್ಲೇಡಿನಲ್ಲಿ ಕುಯ್ದ ಹಾಗೆ ನೇರ ಇರುತ್ತದೆ. ನಿಜವಾದ ಮುರಕಲ್ಲಿನ ಮೂಲೆ ಯಾವತ್ತೂ ನೇರ ಇರುವುದಿಲ್ಲ, ಚೂರು ಉದುರಿರುತ್ತದೆ. ಹತ್ತಿರದಿಂದ ಕಾಣುವ ಗೋಡೆಗೆ ಡಿಸ್‌ಪ್ಲೇಸ್‌ಮೆಂಟ್ ಬೇಕು, ಅಂದರೆ ಮೇಲ್ಮೈಯನ್ನೇ ನಿಜವಾಗಿ ತಳ್ಳುವುದು. ಕಂಪ್ಯೂಟರಿಗೆ ಭಾರ ಆಗುತ್ತದೆ, ನಿಜ. ಹತ್ತಿರದ ಒಂದು ಗೋಡೆಗೆ ಹಾಕಿ, ಹಿಂದಿನ ಕಾಂಪೌಂಡಿಗೆ ಬಂಪ್ ಸಾಕು.

ತೂತುಗಳನ್ನು ಫೋಟೊ ಇಲ್ಲದೇ ಲೆಕ್ಕದಿಂದಲೂ ಮಾಡಬಹುದು. ಕೆನ್ ಪರ್ಲಿನ್ ಅನ್ನುವವರು 1982ರಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾಕ್ಕೆ ಕೆಲಸ ಮಾಡಿದ್ದರು. ಕಂಪ್ಯೂಟರ್ ಚಿತ್ರಗಳೆಲ್ಲ ಯಂತ್ರದ ಹಾಗೆ ನುಣ್ಣಗೆ ಕಾಣುತ್ತವಲ್ಲ ಅಂತ ಅವರಿಗೆ ಬೇಜಾರು. ಅದರಿಂದ ಹುಟ್ಟಿದ್ದು ಪರ್ಲಿನ್ ನಾಯ್ಸ್, ಪೂರ್ತಿ ಅಡ್ಡಾದಿಡ್ಡಿಯೂ ಅಲ್ಲದ, ಪೂರ್ತಿ ಕ್ರಮವೂ ಇಲ್ಲದ ಒಂದು ಏರಿಳಿತ. ಅದಕ್ಕೆ 1997ರಲ್ಲಿ ಆಸ್ಕರ್ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಮೋಡ, ಮಣ್ಣು, ಗೋಡೆಯ ತೇವ, ಎಲ್ಲದರ ಹಿಂದೆಯೂ ಇವತ್ತಿಗೂ ಅದೇ ಇದೆ. ಮುರಕಲ್ಲಿನ ತೂತಿಗೆ ವೊರೊನೊಯ್ ಅನ್ನುವ ಇನ್ನೊಂದು ನೋಡ್ (ಮೆಟೀರಿಯಲ್‌ಗೆ ಜೋಡಿಸುವ ಲೆಕ್ಕದ ತುಣುಕು) ಸರಿ ಹೋಗುತ್ತದೆ. ದೊಡ್ಡ ತೂತಿಗೆ ಒಂದು, ಸಣ್ಣದಕ್ಕೆ ಒಂದು, ಎರಡನ್ನೂ ಪರ್ಲಿನ್ ನಾಯ್ಸ್‌ನಿಂದ ಸ್ವಲ್ಪ ಸೊಟ್ಟ ಮಾಡಿದರೆ ಆಕಾರ ಬಂತು. ಆದರೆ ಬಣ್ಣ ಬರುವುದಿಲ್ಲ. ಕೆಂಪು, ಹಳದಿ, ನೇರಳೆ ಬಣ್ಣದ ಮಚ್ಚೆ, ಕೆಳಗಿನ ವರಸೆಗಳಲ್ಲಿ ಮಳೆನೀರು ಚಿಮ್ಮಿ ಕೂತ ಕಪ್ಪು ಪಾಚಿ, ಅದಕ್ಕೆಲ್ಲ ಗೋಡೆಯ ಹತ್ತಿರವೇ ಹೋಗಬೇಕು.

ಹೋಗುವುದಾದರೆ ಮೋಡ ಕವಿದ ದಿನ ಹೋಗಬೇಕು. ಬಿಸಿಲಿನಲ್ಲಿ ತೆಗೆದರೆ ತೂತಿನ ನೆರಳು ಫೋಟೊದಲ್ಲೇ ಕೂತುಬಿಡುತ್ತದೆ. ಆಮೇಲೆ ನಿಮ್ಮ ಚಿತ್ರದಲ್ಲಿ ಸೂರ್ಯ ಎಡಕ್ಕಿದ್ದರೂ ಕಲ್ಲಿನ ನೆರಳು ಮಾತ್ರ ಬಲಕ್ಕೆ ಸೂರ್ಯ ಇದ್ದ ಹಾಗೆ ಬೀಳುತ್ತದೆ. ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಮೊಬೈಲ್ ಸಾಕು. ಗೋಡೆಗೆ ನೇರ ನಿಲ್ಲಿ. ಝೂಮ್ ಬೇಡ, ಫ್ಲಾಶ್ ಬೇಡ. ಒಂದು ಫೋಟೊದಲ್ಲಿ ಬಂದ ಜಾಗದ ಅರ್ಧಕ್ಕಿಂತ ಜಾಸ್ತಿ ಪಕ್ಕದ ಫೋಟೊದಲ್ಲೂ ಬರುವ ಹಾಗೆ ಸರಿಯುತ್ತಾ ಸರಿಯುತ್ತಾ ತೆಗೆಯಬೇಕು, ಆಗ ಮೆಶ್‌ರೂಮ್‌ನಂಥ ಪುಕ್ಕಟೆ ಸಾಫ್ಟ್‌ವೇರ್ ಅವನ್ನೆಲ್ಲ ಹೊಲಿದು ಉಬ್ಬುತಗ್ಗಿನ ಸಮೇತ ಮೇಲ್ಮೈ ಕಟ್ಟಿಕೊಡುತ್ತದೆ. ಟೇಪ್ ಹಿಡಿದು ಕಲ್ಲಿನ ಉದ್ದ, ಎತ್ತರ ಬರೆದುಕೊಳ್ಳಿ. ಇದನ್ನು ಮಾತ್ರ ಯಾರೂ ಮಾಡುವುದಿಲ್ಲ. ಹೀಗಾಗಿ ಎಷ್ಟೋ ಬ್ರೋಷರ್‌ಗಳಲ್ಲಿ ಒಂದೊಂದು ಕಲ್ಲು ಬಾಗಿಲಿನ ಅರ್ಧ ಎತ್ತರ ಇರುತ್ತದೆ, ಮನೆ ಆಟದ ಸಾಮಾನಿನ ಹಾಗೆ ಸಣ್ಣದಾಗಿ ಕಾಣುತ್ತದೆ.

ಮ್ಯಾಪ್‌ಗಳನ್ನು ತಂದು ಜೋಡಿಸುವಾಗ ಇನ್ನೆರಡು ಕಡೆ ಎಲ್ಲರೂ ಎಡವುತ್ತಾರೆ. ರಫ್‌ನೆಸ್, ನಾರ್ಮಲ್ (ಮೇಲ್ಮೈ ಎಲ್ಲಿ ಯಾವ ಕಡೆಗೆ ವಾಲಿದೆ ಅಂತ ಹೇಳುವ ಮ್ಯಾಪ್) ಇವೆಲ್ಲ ಬಣ್ಣ ಅಲ್ಲ, ಅಂಕಿಗಳು. ಬ್ಲೆಂಡರ್‌ನಲ್ಲಿ ಅವಕ್ಕೆ ‘ನಾನ್ ಕಲರ್’ ಅಂತ ಆರಿಸದೇ ಇದ್ದರೆ ಸಾಫ್ಟ್‌ವೇರ್ ಅವನ್ನು ಬಣ್ಣ ಅಂತ ತಿಳಿದು ಅಂಕಿಗಳನ್ನೇ ಬದಲಾಯಿಸಿಬಿಡುತ್ತದೆ, ಹೊಳಪೆಲ್ಲ ತಲೆಕೆಡುತ್ತದೆ. ಎರಡನೆಯದು, ನಾರ್ಮಲ್ ಮ್ಯಾಪ್‌ಗಳಲ್ಲಿ ಓಪನ್‌ಜಿಎಲ್, ಡೈರೆಕ್ಟ್‌ಎಕ್ಸ್ ಅಂತ ಎರಡು ಪದ್ಧತಿ ಇವೆ, ವ್ಯತ್ಯಾಸ ಹಸಿರು ಚಾನೆಲ್ ತಿರುವುಮುರುವು ಆಗಿರುವುದು ಅಷ್ಟೇ. ಬ್ಲೆಂಡರ್‌ಗೆ ಮೊದಲನೆಯದು ಬೇಕು. ಎರಡನೆಯದನ್ನು ಹಾಕಿದರೆ ಮುರಕಲ್ಲಿನ ತೂತುಗಳೆಲ್ಲ ಗುಳ್ಳೆಗಳಾಗಿ ಎದ್ದು ನಿಲ್ಲುತ್ತವೆ. ಗೋಡೆಗೆ ಸಿಡುಬು.

ಈಗ ಕಂಪ್ಯೂಟರಿನ ಮಾತಿಗೆ ಬರೋಣ. 8ಕೆ ಟೆಕ್ಸ್ಚರ್ (ಅಗಲಕ್ಕೆ ಸುಮಾರು 8 ಸಾವಿರ ಪಿಕ್ಸೆಲ್ ಇರುವ ಮೇಲ್ಮೈಯ ಚಿತ್ರ) ಬೇಕು, ಅದಕ್ಕೆ ದೊಡ್ಡ ಕಾರ್ಡ್ ಬೇಕು ಅನ್ನುತ್ತಾರೆ. ಲೆಕ್ಕ ಮಾಡಿ ನೋಡಿ. ಒಂದು 2ಕೆ ಚಿತ್ರ ಕಾರ್ಡಿನ ಮೆಮೊರಿಯಲ್ಲಿ 16 ಎಂಬಿ ಹಿಡಿಯುತ್ತದೆ, 4ಕೆ ಆದರೆ 64 ಎಂಬಿ, 8ಕೆ ಆದರೆ 256. ಒಂದು ಮೆಟೀರಿಯಲ್‌ಗೆ ಬಣ್ಣ, ರಫ್‌ನೆಸ್, ನಾರ್ಮಲ್ ಅಂತ ಕನಿಷ್ಠ ಮೂರು ಮ್ಯಾಪ್, ಅಂದರೆ 8ಕೆಯಲ್ಲಿ ಒಂದೇ ಗೋಡೆಗೆ 768 ಎಂಬಿ. ಆ ಗೋಡೆ ಕೊನೆಯ ಚಿತ್ರದಲ್ಲಿ ಅಗಲಕ್ಕೆ ಒಂದು 600 ಪಿಕ್ಸೆಲ್ ಇದ್ದರೆ ಉಳಿದದ್ದೆಲ್ಲ ದಂಡ. ಕ್ಯಾಮೆರಾದ ಮುಂದೆ ಇರುವ ಒಂದೆರಡು ವಸ್ತುಗಳಿಗೆ 4ಕೆ ಕೊಡಿ, ಉಳಿದವಕ್ಕೆ 2ಕೆ, ದೂರದವಕ್ಕೆ ಅದಕ್ಕಿಂತ ಕಡಿಮೆ. ನಿಮ್ಮ ಬರಹದಲ್ಲಿ ಹೇಳಿದ ಯಂತ್ರದ ಅರ್ಧ ಬೆಲೆಯದ್ದರಲ್ಲಿ ನಮ್ಮ ಎಲಿವೇಷನ್ ಕೆಲಸ ಆರಾಮಾಗಿ ನಡೆಯುತ್ತದೆ. ಸಾಫ್ಟ್‌ವೇರ್‌ಗೂ ಅಷ್ಟೇ. ಬ್ಲೆಂಡರ್ ಮಾಡುತ್ತಿದ್ದ ಕಂಪನಿ ಮುಚ್ಚಿದಾಗ, 2002ರಲ್ಲಿ, ಅದನ್ನು ಬಳಸುತ್ತಿದ್ದ ಜನರೇ ಏಳು ವಾರಗಳಲ್ಲಿ 1 ಲಕ್ಷ ಯೂರೊ ಕೂಡಿಸಿ ಎಲ್ಲರಿಗೂ ಮುಕ್ತ ಮಾಡಿಸಿದರು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಸಿನಿಮಾ ಆಗಿದ್ದು ಅದರಲ್ಲೇ. ಪುಕ್ಕಟೆ ಸಿಕ್ಕಿದ್ದು ಕಳಪೆ ಅನ್ನುವ ಪೋಷಕರಿಗೆ ಇದನ್ನು ದಯವಿಟ್ಟು ಹೇಳಿ.

ನಮ್ಮ ಕಡೆಯ ಬಿಲ್ಡರ್‌ಗಳ ಬಗ್ಗೆಯೂ ಒಂದು ಮಾತು. ‘ಇನ್ನೂ ಸ್ವಲ್ಪ ಶೈನಿಂಗ್ ಬರ್ಲಿ ಮಾರಾಯ್ರೆ’ ಅನ್ನುವುದು ಅವರ ಮಾಮೂಲಿ ಬೇಡಿಕೆ. ಮಂಗಳೂರು ಹೆಂಚಿಗೂ ಶೈನಿಂಗ್! ಮೊದಲ ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ್ದು 1865ರಲ್ಲಿ, ಅಲ್ಲಿಂದ ಇಲ್ಲಿಯ ತನಕ ಯಾವ ಹೆಂಚೂ ಮಾಡಿನ ಮೇಲೆ ಕಾರಿನ ಬಾನೆಟ್ ಥರ ಹೊಳೆದದ್ದಿಲ್ಲ. ಮಳೆಯಲ್ಲಿ ನೆನೆದಾಗ ಹೊಳೆಯುತ್ತದೆ, ಆಗ ಬಣ್ಣವೂ ಗಾಢ ಆಗುತ್ತದೆ. ಒಣಗಿದ ಹೆಂಚಿನ ತಿಳಿ ಬಣ್ಣ ಇಟ್ಟುಕೊಂಡು ಹೊಳಪು ಮಾತ್ರ ಒದ್ದೆಯದ್ದು ಕೊಟ್ಟರೆ ಕಣ್ಣು ಒಪ್ಪುವುದಿಲ್ಲ. ಮಾಡಿನಲ್ಲಿ ಒಂದು ಹೆಂಚಿನ ಹಾಗೆ ಇನ್ನೊಂದು ಇರುವುದೂ ಇಲ್ಲ. ಭಟ್ಟಿಯಲ್ಲಿ ಜಾಸ್ತಿ ಬೆಂದದ್ದು, ಒಡೆದ ಮೇಲೆ ಹೊಸದು ಹಾಕಿದ್ದು, ಪಾಚಿ ಹಿಡಿದದ್ದು. ಒಂದೊಂದು ಹೆಂಚಿಗೆ ಬಣ್ಣ ಚೂರು ಚೂರು ಬದಲಾಗುವ ಹಾಗೆ ಒಂದು ರ‍್ಯಾಂಡಮ್ ನೋಡ್ ಹಾಕಿದರೆ ಐದು ನಿಮಿಷದ ಕೆಲಸ.

ಇಲ್ಲಿ ಬರೀ ಅಂದದ ಪ್ರಶ್ನೆಯೂ ಅಲ್ಲ. ಚಿತ್ರ ನೋಡಿ ಜನ ಮುಂಗಡ ಕೊಡುತ್ತಾರೆ. ಬ್ರೋಷರ್‌ನಲ್ಲಿ ಇಟಾಲಿಯನ್ ಮಾರ್ಬಲ್, ಕೀ ಕೊಟ್ಟಾಗ ಸಾದಾ ಟೈಲ್ಸ್. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಸೆಕ್ಷನ್ ಇರುವುದೇ ಇದಕ್ಕೆ. ಜಾಹೀರಾತಿನಲ್ಲಿ ಸುಳ್ಳು ಹೇಳಿ, ಅದನ್ನು ನಂಬಿ ದುಡ್ಡು ಕೊಟ್ಟವರಿಗೆ ನಷ್ಟ ಆದರೆ ಬಿಲ್ಡರ್ ಪರಿಹಾರ ಕೊಡಬೇಕು. ಹಾಕುವ ಟೈಲ್ಸ್ ಯಾವುದೋ ಅದರದ್ದೇ ಸ್ಯಾಂಪಲ್ ಕಳಿಸಿ ಅಂತ ನಾನು ಕೇಳುತ್ತೇನೆ. ಕೆಲವರು ಕಳಿಸುತ್ತಾರೆ. ಕೆಲವರು ಬೇರೆಯವರ ಹತ್ತಿರ ಹೋಗುತ್ತಾರೆ. ಈಗೀಗ ಎಐ ಹತ್ತಿರ ಹೋಗುತ್ತಿದ್ದಾರೆ, ಅದು ಕೇಳಿದ ಕೂಡಲೇ ಚಂದದ ಮಾರ್ಬಲ್ ಹಾಸಿ ಕೊಡುತ್ತದೆ, ಯಾವ ಅಂಗಡಿಯಲ್ಲೂ ಸಿಗದ ಮಾರ್ಬಲ್.

ಕೊನೆಗೆ ನನ್ನ ಬೇಡಿಕೆ. ಪಾಲಿ ಹೇವನ್, ಆಂಬಿಯೆಂಟ್‌ಸಿಜಿ ಥರದ ತಾಣಗಳಲ್ಲಿ ಸಾವಿರಗಟ್ಟಲೆ ಒಳ್ಳೆಯ ಟೆಕ್ಸ್ಚರ್‌ಗಳು ಪುಕ್ಕಟೆ ಸಿಗುತ್ತವೆ. ಸಿಸಿ ಝೀರೋ ಲೈಸೆನ್ಸ್, ಯಾರ ಹೆಸರೂ ಹಾಕಬೇಕಿಲ್ಲ, ಮಾರಾಟದ ಕೆಲಸಕ್ಕೂ ಬಳಸಬಹುದು. ನಾನೂ ದಿನಾ ಬಳಸುತ್ತೇನೆ, ಅವರಿಗೆ ಕೈ ಮುಗಿಯಬೇಕು. ಆದರೆ ಫೋಟೊ ತೆಗೆದವರು ತಮ್ಮ ಕಣ್ಣ ಮುಂದೆ ಇದ್ದದ್ದನ್ನು ತೆಗೆದಿದ್ದಾರೆ, ಅದರಲ್ಲಿ ತಪ್ಪೇನಿದೆ. ನಮ್ಮ ಶಹಾಬಾದ್ ಕಲ್ಲಿನ ಚಪ್ಪಡಿ, ಸಾದರಹಳ್ಳಿ ಕಲ್ಲು, ಚನ್ನಪಟ್ಟಣದ ಅರಗಿನ ಹೊಳಪು, ಇಳಕಲ್ ಸೀರೆಯ ನೇಯ್ಗೆ, ಸಗಣಿ ಸಾರಿಸಿದ ಅಂಗಳ, ಇವನ್ನು ನಾವೇ ತೆಗೆದು ಇಡಬೇಕು. ಇಲ್ಲದೇ ಇರುವುದಕ್ಕೆ ಕುಂದಾಪುರದ ಮನೆಯ ಚಿತ್ರಕ್ಕೆ ಯಾವುದೋ ಚಳಿದೇಶದ ಇಟ್ಟಿಗೆ ಬಂದು ಕೂರುತ್ತಿರುವುದು. 1117ರಲ್ಲಿ ಪ್ರತಿಷ್ಠೆ ಆದ ಬೇಲೂರಿನ ಗುಡಿ, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಆ ಬಳಪದ ಕಲ್ಲಿನ ತಿರುಗಣೆ ಕಂಬಗಳ ನುಣುಪು, ಅದೇ ಗುಡಿಯ ಹೊರಗೋಡೆಯ ಒರಟು, ಒಂದೇ ಕಲ್ಲಿನ ಎರಡು ರಫ್‌ನೆಸ್. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಯಾವ ಕ್ಲಾಸಿನಲ್ಲಿದೆ? ಇಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಕಾಲೇಜುಗಳು ಕೇಳಿದರೆ ಹುಡುಗರು ಒಬ್ಬೊಬ್ಬರೇ ಅಲೆಯುವುದು ತಪ್ಪುತ್ತದೆ.

ಆರ್ಕಿಟೆಕ್ಚರ್, ಡಿಪ್ಲೊಮಾ ಸಿವಿಲ್, ಚಿತ್ರಕಲಾ ಕಾಲೇಜುಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿ ತನ್ನ ಊರಿನ ಒಂದು ಮೇಲ್ಮೈ ಆರಿಸಿಕೊಂಡು, ಅಳತೆ ಸಮೇತ ಫೋಟೊ ತೆಗೆದು, ಮ್ಯಾಪ್ ಮಾಡಿ, ಸಿಸಿ ಝೀರೋ ಅಡಿ ಬಿಟ್ಟರೆ ಸಾಕು. ಅದಕ್ಕೆ ಅಂಕವನ್ನೂ ಕೊಡಲಿ. ನಿಮ್ಮ ಪುರವಣಿಯಲ್ಲಿ ವಾರಕ್ಕೆ ಒಂದು ಮೇಲ್ಮೈ ಅಂತ ಸಣ್ಣ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು, ಕನ್ನಡದಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಪತ್ರ ಉದ್ದ ಆಯಿತು, ಕತ್ತರಿ ನಿಮ್ಮ ಕೈಯಲ್ಲೇ ಇದೆ, ಕಾವಿ ನೆಲದ ಭಾಗ ಒಂದು ಉಳಿಸಿಕೊಂಡರೆ ಸಂತೋಷ. ನನ್ನ ಹತ್ತಿರ ಇರುವ ಮುರಕಲ್ಲು, ಹೆಂಚು, ಕಾವಿ ನೆಲದ ಫೋಟೊಗಳನ್ನು ಯಾವ ಕಾಲೇಜು ಕೇಳಿದರೂ ಹಾಗೇ ಕೊಡುತ್ತೇನೆ. ಹೊಸದಾಗಿ ಗೋಡೆ ತೆಗೆಯುವವರು ಇದ್ದರೆ ಮಾತ್ರ ಮೇ ತಿಂಗಳ ಒಳಗೆ ಹೇಳಲಿ, ಮೋಡದ ದಿನ ನೋಡಿ ಒಟ್ಟಿಗೇ ಹೋಗೋಣ. ಮಳೆ ಹಿಡಿದ ಮೇಲೆ ಇಲ್ಲಿನ ಗೋಡೆಗಳೆಲ್ಲ ಕಪ್ಪಾಗಿಬಿಡುತ್ತವೆ, ಮತ್ತೆ ದೀಪಾವಳಿ ಕಳೆಯಬೇಕು.

ಇಂತಿ,
ತ್ರೀಡಿ ಎಲಿವೇಷನ್ ಕೆಲಸದ ಒಬ್ಬ ಓದುಗ, ಉಡುಪಿ